ವಿಶ್ವವಿದ್ಯಾನಿಲಯ ಶಾಸನಗಳಲ್ಲಿ ವೃತ್ತಿವಿದ್ಯೆಯ ಸ್ಥಾನ

(೧)

ಕನ್ನಡದಲ್ಲಿ ‘ಶಾಸನ’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನಲ್ಲಿಯೋ ತಾಮ್ರಪಟದಲ್ಲಿಯೋ ಕೆತ್ತಿಸಿದ ದಾನಪತ್ರವು ಒಂದು. ರಾಜ್ಯವು ವಿಧಿಸಿದ ಕಟ್ಟಳೆಯು ಇನ್ನೊಂದು. ಮೊದಲನೆಯದನ್ನು ಓದುವ ಕ್ರಮವು ವಿದ್ವಾಂಸರಲ್ಲಿ ಚೆನ್ನಾಗಿ ನೆಲೆಗೊಂಡಿದೆ. ಕೊಟ್ಟವರಾರು, ಪಡೆದವರಾರು, ಕೊಟ್ಟುದರ ಎಲ್ಲೆ ಯಾವುದು, ಯಾವ ಪ್ರಯೋಜನವನ್ನು ಉದ್ದೇಶಿಸಿ ಕೊಟ್ಟರು, ಅದನ್ನು ಕಾಯುವ ಹೊಣೆ ಯಾರದು ಎಂಬ ಐದು ಅಂಶಗಳನ್ನು ಗೊತ್ತುಮಾಡಿಕೊಂಡ ಬಳಿಕವೇ ಶಾಸನದ ತಾತ್ಪರ್ಯವನ್ನು ಹೇಳುವುದು ವಾಡಿಕೆ. ಎರಡನೆಯ ಬಗೆಯ ಶಾಸನವನ್ನು ಈ ಕ್ರಮದಿಂದ ಓದುವವರು ವಿರಳ. ಅದು ನ್ಯಾಯವಾದಿಗಳ ಸೊತ್ತೆಂದು ಬಿಟ್ಟುಬಿಡುವುದರಿಂದ, ಲಕ್ಷಾಂತರ ಮಂದಿ ತರುಣರ ಬಾಳನ್ನು ರೂಪಿಸುವ ವಾಕ್ಯಗಳು ವಿಮರ್ಶೆಗೆ ಒಳಗಾಗದೆಯೇ ಉಳಿದುಹೋಗುತ್ತವೆ.

ಹಳೆಯ ಶಾಸನಗಳಲ್ಲಿ ವಿದ್ಯಾದಾನವು ಹೇಗೆ ವಿಧಿಸಲ್ಪಡುತ್ತಿತ್ತೆಂಬುದಕ್ಕೆ ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. ೧೦೫೮ರ ಶಾಸನವು ಉತ್ತಮ ನಿದರ್ಶನ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದವನ್ನು ಓದುವ ೨೦೦ ಮಂದಿ, ಶಾಸ್ತ್ರವನ್ನು ಓದುವ ೫೨ ಮಂದಿ ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು, ಪುಸ್ತಕಗಳನ್ನು ಕಾಯುವ ೬ ಮಂದಿ ಸರಸ್ವತೀ ಭಂಡಾರಿಗರು ಎಂದು ಎಣಿಸಿ ಹೇಳಿದೆ. ಆ ಶಾಸನದಲ್ಲಿ ವಿದ್ಯಾರ್ಥಿಯು ಹೊಗಳಿಕೆಯ ಮಾತಿಗೆ ವಿಷಯವಾಗಿ ಬಂದವನಲ್ಲ, ಲೆಕ್ಕಕ್ಕೆ ಸಿಕ್ಕಿದವನು. ಅವನ ಊಟ, ವಸತಿ, ಪಾಠ ಇವುಗಳಿಗಾಗಿ ಭೂಮಿಯನ್ನು ಬಿಟ್ಟು ಎಲ್ಲೆಯನ್ನು ಹೇಳುವುದೇ ಅಂಥ ದಾನಗಳ ಪದ್ಧತಿ.

ಈ ಮಾನದಂಡದಿಂದ ಈಗಿನ ವಿಶ್ವವಿದ್ಯಾನಿಲಯ ಶಾಸನಗಳನ್ನು ಓದಿದರೆ ಏನು ಕಂಡುಬರುವುದೆಂಬುದೇ ಈ ಲೇಖನದ ವಿಚಾರ. ಉದಾಹರಣೆಗಾಗಿ ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯನ್ನೂ ಅದರ ಸುತ್ತಣ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆಯನ್ನೂ ತೆಗೆದುಕೊಂಡಿದೆ. ಶಾಸನದ ಒಂದು ಶಬ್ದವು ಬದಲಾದರೆ ವಿದ್ಯಾರ್ಥಿಯ ಸ್ಥಿತಿಯು ಎಷ್ಟು ಬದಲಾಗುವುದೆಂಬುದು ಈ ಸೀಮೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ.

(೨)

ಮೊದಲು ಎಲ್ಲೆಯ ವಿಚಾರ. ೧೮೦೦ರಲ್ಲಿ ನಿಜಾಮನಿಂದ ಇಂಗ್ಲಿಷರಿಗೆ ಬಂದ ಬಳ್ಳಾರಿ ಸೀಮೆಯು ೧೯೫೩ರ ವರೆಗೆ ಮದರಾಸಿನ ಆಡಳಿತದಲ್ಲಿತ್ತು. ೧೯೪೫ರಲ್ಲಿ ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಏರ್ಪಟ್ಟಾಗ ಪದವಿಯನ್ನು ಕೊಡುವ ಅಧಿಕಾರವು ಮದರಾಸು ವಿಶ್ವವಿದ್ಯಾನಿಲಯದ್ದಾಗಿತ್ತು. ೧೯೫೩ರ ಅಕ್ಟೋಬರ್ ೧ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೊದಲಾದುವು ಮೈಸೂರು ರಾಜ್ಯಕ್ಕೆ ಬಂದುವು. ೧೯೮೦ರಲ್ಲಿ ಗುಲ್ಬರ್ಗ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಬಳ್ಳಾರಿ ಜಿಲ್ಲೆಯು ಅದರ ವ್ಯಾಪ್ತಿಗೆ ಒಳಪಟ್ಟಿತು. ೨೦೧೦ರಲ್ಲಿ ಬಳ್ಳಾರಿ, ಕೊಪ್ಪಳ ಜಿಲ್ಲೆಗಳನ್ನು ಅದರಿಂದ ಬೇರ್ಪಡಿಸಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಲಾಯಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬಳ್ಳಾರಿಯಿಂದ ಬೇರೆಯಾಯಿತು. ೨೦೨೨ರ ತಿದ್ದುಪಡಿಯಿಂದ ಕೊಪ್ಪಳಕ್ಕೆ ಪ್ರತ್ಯೇಕವಾದ ವಿಶ್ವವಿದ್ಯಾನಿಲಯವು ದೊರೆಯಿತು.

ಈ ಎಲ್ಲ ಪರಿವರ್ತನೆಗಳಿಗೂ ಆಧಾರವಾದುದು ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ, ೨೦೦೦ (೨೦೦೧ರ ಕರ್ನಾಟಕ ಅಧಿನಿಯಮ ೨೯) ಮತ್ತು ಅದಕ್ಕೆ ಹಿಂದೆ ಇದ್ದ ೧೯೭೬ರ ಅಧಿನಿಯಮ. ಇವು ವಿಶ್ವವಿದ್ಯಾನಿಲಯದ ವ್ಯಾಪ್ತಿಯನ್ನು ಜಿಲ್ಲೆಯ ಹೆಸರಿನಿಂದ ಗುರುತಿಸುತ್ತವೆ. ಇದು ಮೇಲ್ನೋಟಕ್ಕೆ ಸರಳವಾದ ಕ್ರಮ. ಆದರೆ ಜಿಲ್ಲೆಯ ಹೆಸರಿಗೆ ಸಿಕ್ಕುವ ಅರ್ಥವು ಸ್ಥಿರವಾದುದಲ್ಲ. ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ಬಳ್ಳಾರಿಯನ್ನು ಬಿಟ್ಟು ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿತು. ೨೦೧೮ರಲ್ಲಿ ಪುನಃ ಬಳ್ಳಾರಿಗೆ ಬಂದಿತು. ೨೦೨೧ರಲ್ಲಿ ವಿಜಯನಗರಕ್ಕೆ ಹೋಯಿತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೂರು ಬಾರಿ ಜಿಲ್ಲೆ ಬದಲಾಯಿತು. ಊರು ಮಾತ್ರ ಇದ್ದಲ್ಲಿಯೇ ಇತ್ತು. ಕಂದಾಯದ ಅನುಕೂಲಕ್ಕಾಗಿಯೂ ರಾಜಕೀಯದ ಬೇಡಿಕೆಗಾಗಿಯೂ ಎಳೆದ ಗೆರೆಯನ್ನೇ ವಿದ್ಯೆಯ ಗೆರೆಯೆಂದು ಸ್ವೀಕರಿಸಿದರೆ ಹೀಗಾಗುವುದು ಅನಿವಾರ್ಯ.

ಕಾನಹೊಸಹಳ್ಳಿಯ ಸ್ಥಿತಿಯೂ ವಿಚಾರಾರ್ಹವಾದುದು. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲೆ ಈ ಊರಿದೆ. ಇಲ್ಲಿಂದ ತೆಂಕಣಕ್ಕೆ ಕೆಲವೇ ಹರದಾರಿ ನಡೆದರೆ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಸೀಮೆ. ಆ ಎರಡು ಜಿಲ್ಲೆಗಳು ೨೦೦೯ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟುವು. ಇಲ್ಲಿನ ಜನರ ಸಂತೆ, ವೈದ್ಯ, ಬೀಗತನಗಳು ಯಾವ ಗೆರೆಯನ್ನೂ ಲೆಕ್ಕಿಸದೆ ಎರಡು ಕಡೆಗೂ ಹರಿಯುತ್ತವೆ. ಪದವಿಯ ಮುದ್ರೆಯು ಮಾತ್ರ ಬಡಗಣ ಬಳ್ಳಾರಿಯಿಂದ ಬರತಕ್ಕದ್ದು. ಎಲ್ಲೆಯಿರಬಾರದೆಂದು ಯಾರೂ ಹೇಳಲಾರರು. ಎಲ್ಲೆಯನ್ನು ಯಾರ ಅನುಕೂಲವನ್ನು ನೋಡಿ ಎಳೆಯಬೇಕೆಂಬುದೇ ಪ್ರಶ್ನೆ.

(೩)

ಎಲ್ಲೆಗಿಂತಲೂ ಮುಖ್ಯವಾದುದು ಪ್ರಯೋಜನದ ವಿಚಾರ. ಇಲ್ಲಿ ರಾಜ್ಯದ ಶಾಸನಗಳಿಗೆ ಮೂಲವಾದ ಸಂವಿಧಾನದ ವಾಕ್ಯಗಳನ್ನು ಮೊದಲು ನೋಡಬೇಕು.

ಸಂವಿಧಾನವು ಜಾರಿಗೆ ಬಂದಾಗ ವಿಶ್ವವಿದ್ಯಾನಿಲಯಗಳನ್ನು ಒಳಗೊಂಡ ವಿದ್ಯಾಭ್ಯಾಸವು ರಾಜ್ಯಪಟ್ಟಿಯ ೧೧ನೆಯ ನಮೂದಿನಲ್ಲಿತ್ತು. ಕಾರ್ಮಿಕರ ವೃತ್ತಿಪರ ಮತ್ತು ತಾಂತ್ರಿಕ ತರಬೇತಿಯು ಸಮವರ್ತಿ ಪಟ್ಟಿಯ ೨೫ನೆಯ ನಮೂದಿನಲ್ಲಿತ್ತು. ೧೯೭೬ರ ನಲವತ್ತೆರಡನೆಯ ತಿದ್ದುಪಡಿಯು ಮೊದಲನೆಯದನ್ನು ರಾಜ್ಯಪಟ್ಟಿಯಿಂದ ತೆಗೆದು ಎರಡನೆಯದರೊಡನೆ ಕೂಡಿಸಿತು. ಆ ಬಳಿಕ ೨೫ನೆಯ ನಮೂದಿನಲ್ಲಿ ತಾಂತ್ರಿಕ ಶಿಕ್ಷಣ, ವೈದ್ಯಕೀಯ ಶಿಕ್ಷಣ, ವಿಶ್ವವಿದ್ಯಾನಿಲಯಗಳು ಇವುಗಳೂ ಕಾರ್ಮಿಕರ ತರಬೇತಿಯೂ ಒಂದೇ ಕಡೆ ನಿಂತಿವೆ. ನಡುವೆ ಅರ್ಧವಿರಾಮ ಚಿಹ್ನೆಯೊಂದು ಇದೆ.

ಈ ಅರ್ಧವಿರಾಮವು ವಾಕ್ಯವನ್ನು ಒಡೆಯುವುದೋ ಜೋಡಿಸುವುದೋ ಎಂಬುದು ಮೀಮಾಂಸಕರಿಗೆ ಪರಿಚಿತವಾದ ಪ್ರಶ್ನೆಯೇ. ಪ್ರಯೋಜನವು ಒಂದೇ ಆಗಿದ್ದು, ಬಿಡಿಸಿದಾಗ ಭಾಗಗಳು ಒಂದನ್ನೊಂದು ಅಪೇಕ್ಷಿಸುವುದಾದರೆ ಅದು ಏಕವಾಕ್ಯವೆಂದು ಜೈಮಿನಿಯ ಮತ. ೧೯೭೬ರ ನಮೂದು ಒಂದನ್ನು ಮಾತ್ರ ಆಧರಿಸಿ ಏಕವಾಕ್ಯತೆಯನ್ನು ಸಾಧಿಸುವುದು ಕಷ್ಟ. ಏಕೆಂದರೆ ಶಾಸನಾಧಿಕಾರದ ಪಟ್ಟಿಯು ಅಧಿಕಾರವನ್ನು ಹಂಚುವುದೇ ಹೊರತು ಪ್ರಯೋಜನವನ್ನು ವಿಧಿಸುವುದಿಲ್ಲ. ಆದರೆ ಈ ಸೀಮೆಗೆ ನೇರವಾಗಿ ಅನ್ವಯಿಸುವ ಇನ್ನೊಂದು ವಾಕ್ಯವಿದೆ. ೨೦೧೨ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸೇರಿದ ೩೭೧ಜೆ ಅನುಚ್ಛೇದವು ಹೈದರಾಬಾದ್-ಕರ್ನಾಟಕ ಪ್ರದೇಶದಲ್ಲಿ ಹುಟ್ಟಿದ ಅಥವಾ ನೆಲೆಸಿದ ವಿದ್ಯಾರ್ಥಿಗಳಿಗೆ ಅಲ್ಲಿನ ವಿದ್ಯಾಸಂಸ್ಥೆಗಳಲ್ಲಿಯೂ ವೃತ್ತಿತರಬೇತಿ ಸಂಸ್ಥೆಗಳಲ್ಲಿಯೂ ಸ್ಥಾನಗಳನ್ನು ಕಾದಿರಿಸಲು ಅವಕಾಶ ಕೊಡುತ್ತದೆ. ಇಲ್ಲಿ ಫಲವನ್ನು ಪಡೆಯುವ ಅಧಿಕಾರಿ ಒಬ್ಬನೇ, ಪ್ರಯೋಜನವೂ ಒಂದೇ. ಹಿಂದುಳಿದ ಸೀಮೆಯ ತರುಣನ ಅಭ್ಯುದಯ. ಆದುದರಿಂದ ವಿದ್ಯೆಯೂ ವೃತ್ತಿಯೂ ಇಲ್ಲಿ ಏಕವಾಕ್ಯದ ಅಂಗಗಳೆಂದು ಹೇಳಲು ಅಡ್ಡಿಯಿಲ್ಲ. ಹಿಂದಣ ನಮೂದಿನಲ್ಲಿ ಸಂದಿಗ್ಧವಾಗಿ ಉಳಿದ ಅರ್ಥವು ಈ ವಾಕ್ಯಶೇಷದಿಂದ ನಿರ್ಣೀತವಾಗುತ್ತದೆ.

ನಿಜಾಮನ ರಾಜ್ಯವನ್ನು ೧೮೦೦ರಲ್ಲಿಯೇ ಬಿಟ್ಟ ಬಳ್ಳಾರಿಯೂ ಈ ಅನುಚ್ಛೇದದ ವ್ಯಾಪ್ತಿಯಲ್ಲಿ ಸೇರಿರುವುದು ಗಮನಾರ್ಹವಾದುದು. ಚರಿತ್ರೆಯ ಹೆಸರಿಗಿಂತ ಜನರ ಅವಶ್ಯಕತೆಯೇ ಅಲ್ಲಿ ಪ್ರಮಾಣವಾಯಿತು. ಈ ಪ್ರದೇಶಕ್ಕೆ ೨೦೧೯ರಿಂದ ಕಲ್ಯಾಣ ಕರ್ನಾಟಕವೆಂದು ಹೆಸರು. ೨೦೧೩ರ ಆದೇಶಗಳ ಮೇರೆಗೆ ಪ್ರದೇಶದೊಳಗಿನ ಸಂಸ್ಥೆಗಳಲ್ಲಿ ನೂರಕ್ಕೆ ೭೦, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ ೮ ಸ್ಥಾನಗಳು ಸ್ಥಳೀಯರಿಗೆ ಮೀಸಲಾದುವು. ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯು ೨೦೧೮ರಲ್ಲಿ ಬಳ್ಳಾರಿಗೆ ಮರಳಲು ಈ ಸೌಲಭ್ಯದ ಬೇಡಿಕೆಯೇ ಕಾರಣ. ಶಾಸನದ ಒಂದು ಶಬ್ದಕ್ಕಾಗಿ ಇಡೀ ತಾಲ್ಲೂಕು ಜಿಲ್ಲೆಯನ್ನು ಬದಲಾಯಿಸಿತೆಂದರೆ, ಆ ಶಬ್ದದ ಮೌಲ್ಯವನ್ನು ಜನರು ವಿದ್ವಾಂಸರಿಗಿಂತ ಮೊದಲೇ ತಿಳಿದಿದ್ದರೆಂದು ಹೇಳಬೇಕು.

(೪)

ಸಂವಿಧಾನವು ಕೂಡಿಸಿದುದನ್ನು ರಾಜ್ಯದ ಶಾಸನಗಳು ಹೇಗೆ ನಡೆಸಿಕೊಂಡು ಬಂದಿವೆ? ೧೯೧೬ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮರುವರ್ಷವೇ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಸಾಹಿತ್ಯ, ತತ್ತ್ವಶಾಸ್ತ್ರ, ಯಂತ್ರವಿದ್ಯೆ ಇವೆಲ್ಲ ಒಂದೇ ಸೂರಿನಡಿಯಲ್ಲಿರಬೇಕೆಂಬುದು ಆಗಿನ ಭಾವನೆ. ಅಮೆರಿಕದಲ್ಲಿ ೧೮೬೨ರ ಮೋರಿಲ್ ಶಾಸನವು ಸರ್ಕಾರದ ಭೂಮಿಯನ್ನು ಸಂಸ್ಥಾನಗಳಿಗೆ ಕೊಟ್ಟು, ಅದರ ಉತ್ಪತ್ತಿಯಿಂದ ಕೃಷಿ ಮತ್ತು ಯಂತ್ರಕಲೆಗಳನ್ನು ಕಲಿಸುವ ಕಾಲೇಜುಗಳನ್ನು ಸ್ಥಾಪಿಸಬೇಕೆಂದು ವಿಧಿಸಿತು. ಇತರ ಶಾಸ್ತ್ರಗಳನ್ನೂ ಕಾವ್ಯಗಳನ್ನೂ ಬಿಡಬಾರದೆಂದೂ ಹೇಳಿತು. ಭೂದಾನ, ಪ್ರಯೋಜನ, ಫಲಭಾಗಿಗಳು, ಮೂರೂ ಒಂದೇ ಶಾಸನದಲ್ಲಿ ಬಂದುದರಿಂದ ಅದು ನಮ್ಮ ಶಿಲಾಶಾಸನಗಳಿಗೆ ಬಹಳ ಸಮೀಪವಾದುದು. ಅದರ ಮಾದರಿಯನ್ನೇ ಅನುಸರಿಸಿ ಮೈಸೂರು ರಾಜ್ಯವು ೧೯೬೩ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಶಾಸನವನ್ನು ಮಾಡಿತು.

ಆದರೆ ಮಾದರಿಯ ಅರ್ಧವು ಮಾತ್ರ ಇಲ್ಲಿಗೆ ಬಂದಿತು. ಅಮೆರಿಕದ ಶಾಸನವು ಕೂಡಿಸಿತ್ತು, ಇಲ್ಲಿನದು ಬೇರ್ಪಡಿಸಿತು. ಕೃಷಿಯು ಹೀಗೆ ಬೇರೆಯಾದ ಮೇಲೆ ೧೯೯೪ರ ಶಾಸನಗಳಿಂದ ತಾಂತ್ರಿಕ ವಿದ್ಯೆಯು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೂ, ವೈದ್ಯವು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೂ ಹೋದುವು. ಕೈಗಾರಿಕಾ ತರಬೇತಿ ಸಂಸ್ಥೆಗಳು, ಎಂದರೆ ಜನರು ಐ.ಟಿ.ಐ. ಎಂದು ಕರೆಯುವ ಶಾಲೆಗಳು, ಈ ಯಾವ ವಿಶ್ವವಿದ್ಯಾನಿಲಯಕ್ಕೂ ಸೇರದೆ ಬೇರೊಂದು ಇಲಾಖೆಯಲ್ಲಿ ಉಳಿದುವು. ಫಲಕಾರಿಯಾದ ವೃತ್ತಿಗಳೆಲ್ಲ ಒಂದೊಂದಾಗಿ ಹೊರಗೆ ಹೋದ ಬಳಿಕ ಸಾಮಾನ್ಯ ವಿಶ್ವವಿದ್ಯಾನಿಲಯಕ್ಕೆ ಕಲೆ, ವಾಣಿಜ್ಯ, ಶುದ್ಧವಿಜ್ಞಾನಗಳೇ ಮುಖ್ಯವಾಗಿ ಉಳಿದುವು. ಕೂಡ್ಲಿಗಿ, ಹಡಗಲಿಯಂಥ ತಾಲ್ಲೂಕುಗಳ ಬಡ ವಿದ್ಯಾರ್ಥಿಗಳಿಗೆ ಕೈಗೆಟುಕುವುದಾದರೋ ಈ ಉಳಿದ ಭಾಗವೇ.

ಐ.ಟಿ.ಐ.ಯಲ್ಲಿ ಎರಡು ವರ್ಷ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಕೆಲಸವನ್ನು ಕಲಿತವನು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಬಹುದು. ಕೈಕಸಬಿನಿಂದ ಶಾಸ್ತ್ರಕ್ಕೆ ಏರುವ ಮೆಟ್ಟಿಲು ಇದು, ಕಿರಿದಾದರೂ ಇದೆ. ಶಾಸ್ತ್ರದಿಂದ ಕೈಕಸಬಿಗೆ ಇಳಿಯುವ ಮೆಟ್ಟಿಲು ಸಾಮಾನ್ಯ ಪದವಿಯಲ್ಲಿ ಬಹುಕಾಲ ಇರಲಿಲ್ಲ. ೧೯೬೧ರ ಶಿಶಿಕ್ಷು ಅಧಿನಿಯಮವು ಮೊದಲು ಕೈಕಸಬುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ೧೯೭೩ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರಿಗೂ, ೨೦೧೪ರ ತಿದ್ದುಪಡಿಯಿಂದ ಇತರ ಪದವೀಧರರಿಗೂ ವಿಸ್ತರಿಸಿತು. ಕೇಂದ್ರದ ಶಾಸನವು ಹೀಗೆ ಬಾಗಿಲನ್ನು ತೆರೆದು ಹತ್ತು ವರ್ಷಗಳು ಕಳೆದುವು. ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಶಿಶಿಕ್ಷುತನವನ್ನು ಒಳಗೊಂಡ ಪದವಿಕ್ರಮಗಳು ತೊಡಗಿರುವುದೂ ಉಂಟು. ಆದರೆ ಅವು ಆದೇಶದ ಬಲದಿಂದ ನಡೆಯತಕ್ಕವು. ವಿದ್ಯಾರ್ಥಿಯು ಹಕ್ಕಿನಿಂದ ಕೇಳತಕ್ಕವಾಗಿಲ್ಲ.

(೫)

ಇಲ್ಲಿ ೨೦೦೦ದ ಅಧಿನಿಯಮದ ಭಾಷೆಯನ್ನು ಪರೀಕ್ಷಿಸಬೇಕು. ಕನ್ನಡದ ಶಾಸನಭಾಷೆಯಲ್ಲಿ ‘ತಕ್ಕದ್ದು’ ಎಂದರೆ ವಿಧಿ. ‘ಬಹುದು’ ಎಂದರೆ ಅನುಮತಿ. ಬೋಧನೆ, ತರಬೇತಿ, ಸಂಶೋಧನೆ ಇವುಗಳೆಲ್ಲ ಈ ಅಧಿನಿಯಮದ ೪ನೆಯ ಪ್ರಕರಣದಲ್ಲಿ ವಿಶ್ವವಿದ್ಯಾನಿಲಯದ ‘ಅಧಿಕಾರ’ಗಳೆಂದು ಪಟ್ಟಿಯಾಗಿವೆ. ಅಧಿಕಾರವನ್ನು ಪಡೆದವನು ಅದನ್ನು ನಡೆಸಬಹುದು, ಬಿಡಬಹುದು, ಬಿಟ್ಟರೆ ಪ್ರತ್ಯವಾಯವಿಲ್ಲ. ಆದರೆ ೧೪ನೆಯ ಪ್ರಕರಣದಲ್ಲಿ ಕುಲಪತಿಯ ನೇಮಕದ ವಿಷಯಕ್ಕೆ ಬಂದೊಡನೆ ಭಾಷೆಯು ಬಿಗಿಯಾಗುತ್ತದೆ. ಕುಲಾಧಿಪತಿ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ರಾಜ್ಯ ಸರ್ಕಾರ, ಸಿಂಡಿಕೇಟ್ ಇವುಗಳ ನಾಲ್ವರು ನಾಮಿತರ ಶೋಧನ ಸಮಿತಿ, ಮೂವರ ಹೆಸರುಗಳ ಪಟ್ಟಿ, ಸರ್ಕಾರದ ಸಮ್ಮತಿ, ನಾಲ್ಕು ವರ್ಷಗಳ ಅವಧಿ ಎಂದು ಹೆಜ್ಜೆಹೆಜ್ಜೆಗೂ ವಿಧಿಯಿದೆ.

ಯಾವ ವಿಧಿಯೂ ಏನನ್ನು, ಯಾವುದರಿಂದ, ಹೇಗೆ ಸಾಧಿಸಬೇಕೆಂಬ ಮೂರು ಆಕಾಂಕ್ಷೆಗಳನ್ನು ತುಂಬಿಕೊಡಬೇಕೆಂಬುದು ಮೀಮಾಂಸೆಯ ನಿಯಮ. ಅಧಿನಿಯಮವು ಕುಲಪತಿಯ ವಿಷಯದಲ್ಲಿ ಈ ಮೂರನ್ನೂ ತುಂಬಿದೆ. ವಿದ್ಯಾರ್ಥಿಯ ಜೀವಿಕೆಯ ವಿಷಯದಲ್ಲಿ ಸಾಧ್ಯವನ್ನು ಸೂಚಿಸಿ, ಸಾಧನವಾದ ಸಂಸ್ಥೆಯನ್ನು ಹೆಸರಿಸಿ, ‘ಹೇಗೆ’ ಎಂಬಲ್ಲಿ ಮೌನವಾಗಿದೆ. ಇತಿಕರ್ತವ್ಯತೆಯಿಲ್ಲದ ಯಾಗದಂತೆ ಅದು ಫಲಕ್ಕೆ ತಲಪುವುದಿಲ್ಲ.

ಈಚಿನ ವಿವಾದಗಳೂ ಈ ಓರೆಯನ್ನೇ ಅನುಸರಿಸಿವೆ. ೨೦೨೪ರ ಡಿಸೆಂಬರಿನಲ್ಲಿ ವಿಧಾನಮಂಡಲವು ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾನಿಲಯಕ್ಕೆ ರಾಜ್ಯಪಾಲರಿಗೆ ಬದಲಾಗಿ ಮುಖ್ಯಮಂತ್ರಿಗಳೇ ಕುಲಾಧಿಪತಿಗಳಾಗಬೇಕೆಂಬ ವಿಧೇಯಕವನ್ನು ಅಂಗೀಕರಿಸಿತು. ೨೦೨೫ರ ಜನವರಿಯಲ್ಲಿ ಧನಸಹಾಯ ಆಯೋಗವು ಕುಲಪತಿಗಳ ಆಯ್ಕೆಯ ಬಗ್ಗೆ ಕರಡು ನಿಯಮಗಳನ್ನು ಪ್ರಕಟಿಸಲು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ವಿರೋಧಿಸಿದುವು. ರಾಜ್ಯದ ಸ್ವಾತಂತ್ರ್ಯವು ಉಪೇಕ್ಷಿಸತಕ್ಕ ವಿಷಯವಲ್ಲ. ಆದರೆ ಪೀಠದಲ್ಲಿ ಯಾರು ಕುಳಿತುಕೊಳ್ಳಬೇಕೆಂಬ ಚರ್ಚೆಗೆ ದೊರೆತ ಕಾಲದ ನೂರನೆಯ ಒಂದು ಪಾಲಾದರೂ ಪೀಠದ ಮುಂದೆ ಕುಳಿತವನಿಗೆ ದೊರೆಯಿತೆಂದು ಹೇಳುವಂತಿಲ್ಲ.

ವಿದ್ಯಾರ್ಥಿಯ ಬಾಳನ್ನು ನಿಜವಾಗಿ ಬದಲಾಯಿಸಿದ ಸಂಗತಿಗಳು ಶಾಸನದ ಹೊರಗೆ ನಡೆದುವು. ೨೦೨೧ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಮೇರೆಗೆ ನಾಲ್ಕು ವರ್ಷಗಳ ಪದವಿಕ್ರಮವೂ ಅದರೊಡನೆ ಕೌಶಲದ ಪಾಠಗಳೂ ಆದೇಶದಿಂದ ಬಂದುವು. ೨೦೨೩ರಲ್ಲಿ ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿಯ ಆಯೋಗವು ನೇಮಕವಾಯಿತು; ಅದರ ಮಧ್ಯಂತರ ವರದಿಯ ಮೇಲೆ ೨೦೨೪ರ ಮೇ ತಿಂಗಳಿನಲ್ಲಿ ಮೂರು ವರ್ಷಗಳ ಪದವಿಯು ಪುನಃ ಬಂದಿತು. ಮೂರು ವರ್ಷವೇ ಲೇಸೋ ನಾಲ್ಕೇ ಲೇಸೋ ಎಂಬುದು ಬೇರೆಯ ಚರ್ಚೆ. ಕೊಟ್ಟೂರಿನ ಒಂದೇ ಮನೆಯ ಅಣ್ಣ ೨೦೨೩ರಲ್ಲಿಯೂ ತಂಗಿ ೨೦೨೪ರಲ್ಲಿಯೂ ಒಂದೇ ಕಾಲೇಜಿಗೆ ಸೇರಿದರೆ ಇಬ್ಬರ ಪಾಠಕ್ರಮಗಳೂ ಬೇರೆಬೇರೆಯಾಗುವುದು ಇದರ ಫಲ. ಇಷ್ಟು ದೊಡ್ಡ ಪರಿವರ್ತನೆಗೆ ವಿಧಾನಮಂಡಲದ ವಾಕ್ಯವೊಂದೂ ಬೇಕಾಗದೆ ಹೋದುದು, ಆ ವಾಕ್ಯಗಳು ಮುಖ್ಯವಾದುದನ್ನು ಬಿಟ್ಟು ಬರೆಯಲ್ಪಟ್ಟಿವೆಯೆಂಬುದಕ್ಕೆ ಸಾಕ್ಷಿಯಾಗಿದೆ.

(೬)

ಇದಕ್ಕೆ ಪೂರ್ವಪಕ್ಷವಿಲ್ಲದೆ ಇಲ್ಲ. ವಿಶ್ವವಿದ್ಯಾನಿಲಯದ ಧರ್ಮವು ಜ್ಞಾನ. ಅದನ್ನು ಕಾರ್ಖಾನೆಗೆ ಆಳುಗಳನ್ನು ಒದಗಿಸುವ ಕೆಲಸಕ್ಕೆ ಹಚ್ಚಿದರೆ ಜ್ಞಾನವೂ ಕೆಡುವುದು, ಕಾರ್ಖಾನೆಯ ಅವಶ್ಯಕತೆಯು ಬದಲಾದಾಗ ಕಲಿತವನೂ ಕೆಡುವನು ಎಂದು ಆಕ್ಷೇಪಿಸಬಹುದು. ವೃತ್ತಿವಿದ್ಯೆಗೆ ಹೆಸರಾದ ಜರ್ಮನಿಯಲ್ಲಿಯೂ ೧೯೬೯ರ ವೃತ್ತಿಶಿಕ್ಷಣ ಶಾಸನವು ವಿಶ್ವವಿದ್ಯಾನಿಲಯಗಳಿಂದ ಬೇರೆಯೇ ಆಗಿದೆಯೆಂದೂ ತೋರಿಸಬಹುದು.

ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ತೋರಣಗಲ್ಲಿನ ಉಕ್ಕು, ಸಂಡೂರಿನ ಅದಿರು, ಬಳ್ಳಾರಿಯ ಜೀನ್ಸ್ ಹೊಲಿಗೆ ಇವುಗಳ ಬೇಡಿಕೆಯನ್ನೇ ನೋಡಿ ಪಾಠಪಟ್ಟಿಯನ್ನು ಬರೆದರೆ, ಅದಿರಿನ ಬೆಲೆ ಇಳಿದ ವರ್ಷ ವಿದ್ಯೆಯ ಬೆಲೆಯೂ ಇಳಿಯುವುದು. ಆದರೆ ಜರ್ಮನಿಯ ಶಾಸನವು ಪ್ರತ್ಯೇಕವಾಗಿದ್ದರೂ ಪೂರ್ಣವಾದುದು: ಕಲಿಯುವವನ ಕರಾರು, ಅವಧಿ, ಭತ್ಯೆ, ಪರೀಕ್ಷೆ ಎಲ್ಲವನ್ನೂ ಅದು ವಿಧಿಸುತ್ತದೆ. ಪ್ರತ್ಯೇಕತೆಯು ದೋಷವಲ್ಲ, ಅಪೂರ್ಣತೆಯು ದೋಷ. ಇದಲ್ಲದೆ ವೃತ್ತಿಯೆಂದರೆ ಕಾರ್ಖಾನೆಯೊಂದೇ ಎಂಬ ಭ್ರಮೆಯನ್ನೂ ಬಿಡಬೇಕು. ಹಡಗಲಿಯ ಮಲ್ಲಿಗೆಯು ಭೌಗೋಳಿಕ ಸೂಚ್ಯಂಕದ ಮನ್ನಣೆಯನ್ನು ಪಡೆದಿದೆ; ಅದನ್ನು ಕೆಡದಂತೆ ದೂರದ ಪೇಟೆಗೆ ಮುಟ್ಟಿಸುವುದು ಒಂದು ವಿದ್ಯೆ. ಕೂಡ್ಲಿಗಿ ಸೀಮೆಯ ಮಳೆಯಾಶ್ರಿತ ಹೊಲಗಳ ಶೇಂಗಾ, ಮೆಕ್ಕೆಜೋಳಗಳ ಲೆಕ್ಕವನ್ನು ರೈತನ ಪರವಾಗಿ ಇಡುವುದು ವಾಣಿಜ್ಯದ ವಿದ್ಯೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯವನ್ನೂ ಅಲ್ಲಿನ ಶಾಸನಗಳನ್ನೂ ಕಾಪಾಡಿ ಬಂದವರಿಗೆ ವಿವರಿಸುವುದು ಚರಿತ್ರೆಯ ವಿದ್ಯೆ. ಸಂಸ್ಕೃತದಲ್ಲಿ ಸೂತ್ರದ ವಿವರಣೆಗೂ ‘ವೃತ್ತಿ’ಯೆಂದೇ ಹೆಸರು, ಜೀವನೋಪಾಯಕ್ಕೂ ‘ವೃತ್ತಿ’ಯೆಂದೇ ಹೆಸರು, ಎರಡರಲ್ಲಿಯೂ ಇರುವಿಕೆಗೆ ಆಧಾರವಾಗುವುದೆಂಬ ಅರ್ಥವೇ ಇದೆ. ಶಾಸ್ತ್ರವನ್ನು ತ್ಯಜಿಸಿ ಕಸಬನ್ನು ಹಿಡಿಯಬೇಕೆಂದು ಇಲ್ಲಿ ಹೇಳಿಲ್ಲ. ಶಾಸ್ತ್ರವು ತನ್ನ ಸೀಮೆಯ ಬಾಳಿಗೆ ವೃತ್ತಿಯಾಗಬೇಕೆಂದಷ್ಟೇ ತಾತ್ಪರ್ಯ.

(೭)

ಹೀಗಿರಲು ತಿದ್ದುಪಡಿಯಲ್ಲಿ ಮೂರು ಅಂಶಗಳು ಸೇರಬೇಕೆಂದು ತೋರುವುದು. ಸಾಮಾನ್ಯ ಪದವಿಯ ವಿದ್ಯಾರ್ಥಿಗೆ ವ್ಯಾಸಂಗದ ಅವಧಿಯೊಳಗೆ ಶಿಶಿಕ್ಷುತನದ ಅವಕಾಶವನ್ನು ಒದಗಿಸುವುದು ‘ಬಹುದು’ ಎಂಬಲ್ಲಿಂದ ‘ತಕ್ಕದ್ದು’ ಎಂಬಲ್ಲಿಗೆ ಬರಬೇಕು. ಐ.ಟಿ.ಐ. ಮತ್ತು ಡಿಪ್ಲೊಮಾಗಳಲ್ಲಿ ಕಲಿತುದಕ್ಕೆ ಸಾಮಾನ್ಯ ಪದವಿಯಲ್ಲಿ ಎಷ್ಟು ಮನ್ನಣೆಯೆಂಬುದನ್ನು ಶಾಸನವೇ ಹೇಳಬೇಕು. ಪಾಠಕ್ರಮವಾಗಲಿ ಜಿಲ್ಲೆಯ ಎಲ್ಲೆಯಾಗಲಿ ಬದಲಾದಾಗ, ಆಗಲೇ ಸೇರಿದ ವಿದ್ಯಾರ್ಥಿಯು ತಾನು ತೊಡಗಿದ ಕ್ರಮದಲ್ಲಿಯೇ ಮುಗಿಸುವ ಹಕ್ಕು ಸ್ಪಷ್ಟವಾದ ವಾಕ್ಯದಿಂದ ಸಿದ್ಧವಾಗಬೇಕು. ಇವುಗಳಿಗೆ ಹೊಸ ಕಟ್ಟಡವು ಬೇಡ, ಹೊಸ ಪೀಠವು ಬೇಡ, ವಾಕ್ಯಗಳು ಸಾಕು.

ಕೊನೆಯದಾಗಿ ಪಾಲನೆಯ ವಿಚಾರ. ೨೦೨೨ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಲ್ಲಿ ಹಲವನ್ನು, ನೆರೆಯ ಕೊಪ್ಪಳದ್ದನ್ನೂ ಸೇರಿಸಿ, ಮುಚ್ಚುವ ವಿಚಾರವು ೨೦೨೫ರ ಫೆಬ್ರವರಿಯಲ್ಲಿಯೇ ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂದಿತು. ಧನದ ಅಭಾವವೇ ಹೇಳಲ್ಪಟ್ಟ ಕಾರಣ. ಹುಟ್ಟಿಸಿದ ಕೈಗಳು ಬೇರೆ, ಮುಚ್ಚಲೆಳಸಿದ ಕೈಗಳು ಬೇರೆ ಎಂಬುದು ನಿಜ. ಆದರೆ ಅಲ್ಲಿ ಸೇರಿದ ವಿದ್ಯಾರ್ಥಿಗೆ ಸರ್ಕಾರವೆಂಬುದು ಒಂದೇ. ಕೊಡುವುದಕ್ಕಿಂತ ಕೊಟ್ಟುದನ್ನು ಕಾಯುವುದು ದೊಡ್ಡದೆಂಬ ಮಾತನ್ನು ಈ ನಾಡಿನ ಶಿಲಾಶಾಸನಗಳು ಪ್ರತಿಯೊಂದು ದಾನದ ಕೊನೆಯಲ್ಲಿಯೂ ನೆನಪಿಗೆ ತರುವ ಪದ್ಧತಿಯಿತ್ತು. ಕಲ್ಲಿನ ಶಾಸನವನ್ನು ಬರೆದವರು ರಾಜ್ಯವು ಅಳಿಯುವುದೆಂದು ಬಲ್ಲವರಾಗಿದ್ದರು. ಆದಕಾರಣ ಮುಂದೆ ಬರುವ ಅರಸನನ್ನೇ ಉದ್ದೇಶಿಸಿ ಆ ಮಾತನ್ನು ಬರೆದರು. ಕಾಗದದ ಶಾಸನವನ್ನು ಬರೆಯುವವರೂ ಮುಂದಣ ಸರ್ಕಾರವನ್ನು ಕಟ್ಟಿಹಾಕುವ ಅಂಥ ಒಂದು ವಾಕ್ಯವನ್ನು ವಿದ್ಯಾರ್ಥಿಯ ಹೆಸರಿನಲ್ಲಿ ಬರೆದರೆ, ಕಾನಹೊಸಹಳ್ಳಿಯ ಹುಡುಗನು ಬಳ್ಳಾರಿಯಿಂದ ತರುವ ಪದವಿಪತ್ರವು ಅವನಿಗೆ ಎರಡು ಅರ್ಥಗಳಲ್ಲಿಯೂ ವೃತ್ತಿಯಾದೀತು.